ಗಟ್ಟಿ ಎದೆಯ ಕೂಸು

ಹೋದ ವಾರ ಚಿತ್ತಾಪುರದ ನಮ್ಮ ಮನೆಯ ಪಡಸಾಲೆಗೆ ಹೊಸ ಫರಸಿ ಕಲ್ಲು ಹಾಸಿಸಿದೆವು. ಮೇಸ್ತ್ರಿ ಅಂಗಳದಲ್ಲಿ ಮಶೀನು ಹಚ್ಚಿ, ಮೇಲಿಂದ ನೀರು ಬಿಡುತ್ತ ಕಲ್ಲು ಕೊಯ್ಯತೊಡಗಿದ. ನೀರು ಬಿದ್ದ ಕಲ್ಲಿನ ಪುಡಿಗೆ ಒಂದು ವಾಸನೆ ಇದೆ. ತಣ್ಣಗಿರುತ್ತದೆ, ನೇರ ಗಂಟಲಿಗೇ ಹೋಗಿ ಕೂತುಬಿಡುತ್ತದೆ. ಚಹಾದ ಕಪ್ಪು ಹಿಡಿದು ಹೊರಗೆ ಬಂದವಳು ಬಾಗಿಲಲ್ಲೇ ನಿಂತೆ. "ಯಾಕ್ರಿ ಅಕ್ಕೋರೆ, ಧೂಳ ಬಡೀತೇನ್ರಿ?" ಎಂದ ಮೇಸ್ತ್ರಿ. ಹೌದಪ್ಪಾ ಎಂದು ಹೇಳಿ ಒಳಗೆ ಬಂದೆ. ಅವನಿಗೆ ರಾವೂರಿನ ಆ ಮಳೆಗಾಲದ ಕಥೆ ಹೇಳುತ್ತ ಕೂಡುವುದಕ್ಕಾಗುತ್ತದೆಯೇ?

ಆಗ ನನಗೆ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ. ಏನು ಕೆಲಸ ಎಂದು ಕೇಳಿದವರಿಗೆ ಹೇಳಿದರೆ ನಗುತ್ತಿದ್ದರು. ಹಸುಗೂಸುಗಳ ತಾಯಿತಂದೆಗೆ ಕೂಸು ಆಡಿಸುವುದನ್ನು ಕಲಿಸುವುದು! ಬೆಳಿಗ್ಗೆ ಟಂಟಂ ಆಟೋ ಹತ್ತಿ ರಾವೂರಿಗೆ ಹೋಗಬೇಕು, ಮನೆಮನೆ ಅಡ್ಡಾಡಬೇಕು. ಹೆಗಲ ಚೀಲದಲ್ಲಿ ಜೋಳದ ಕಾಳು ತುಂಬಿದ ಪ್ಲಾಸ್ಟಿಕ್ ಬಾಟಲಿ, ಅದೇ ನಮ್ಮ ಗಿಲಕಿ. ಒಂದು ಕೆಂಪು ಬಟ್ಟೆಯ ಚೆಂಡು, ಒಂದು ಸಣ್ಣ ಕನ್ನಡಿ, ಒಂದು ಸ್ಟೀಲ್ ಬಟ್ಟಲು, ಚಮಚ. ಕೂಸನ್ನು ಬೋರಲು ಮಲಗಿಸಿ ಮುಂದೆ ಚೆಂಡು ಉರುಳಿಸಿರಿ, ಕತ್ತು ಎತ್ತುತ್ತದೆ. ಸೆರಗಿನ ಮರೆಯಲ್ಲಿ ಮುಖ ಮುಚ್ಚಿ ತೆಗೆಯಿರಿ, ಕಾಣದ್ದು ಇಲ್ಲದ್ದಲ್ಲ ಎಂದು ತಿಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಮಾತಾಡಿರಿ, ಕೈಯಲ್ಲಿ ಏನು ಕೆಲಸವಿದೆಯೋ ಅದನ್ನೇ ಹೇಳುತ್ತ ಹೋಗಿರಿ, ಕೂಸಿಗೆ ತಿಳಿಯುವುದಿಲ್ಲ ಎಂದು ಸುಮ್ಮನಾಗಬೇಡಿರಿ. ಇದು ನನ್ನ ಪಾಠ.

"ಯವ್ವಾ, ಓಣಿ ತುಂಬ ಮಕ್ಕಳ ಹಡದೀನಿ ನಾ. ನನಗ ಕೂಸ ಆಡ್ಸಾದು ಕಲಸಾಕ ಬಂದೀಯೇನು? ನಿನಗೆಷ್ಟು ಮಕ್ಕಳ?" ಎಂದು ಒಬ್ಬ ಮುದುಕಿ ಮೊದಲ ದಿನವೇ ಕೇಳಿದ್ದಳು. ನನಗಿನ್ನೂ ಲಗ್ನವೇ ಆಗಿಲ್ಲ ಎಂದಾಗ ಇಡೀ ಕಟ್ಟೆ ಹೊಟ್ಟೆ ಹಿಡಿದು ನಕ್ಕಿತು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಅಡಿಗಿ ರುಚಿ ಹೇಳಾಕ ಅಡಿಗಿ ಮಾಡಾಕಿನೇ ಆಗಬೇಕೇನ್ರಿ?" ಎಂದು ಎದುರು ಮಾತಾಡಿ ಬಂದೆ. ಮರುದಿನ ಅದೇ ಮುದುಕಿ ನನ್ನನ್ನು ಕರೆದು ಕೂಡಿಸಿ ಚಹಾ ಕೊಟ್ಟಳು. ರಾವೂರಿನ ಮಂದಿ ಹಾಗೆ, ಬೈದ ಬಾಯಿಂದಲೇ ಉಪಚಾರ ಮಾಡುತ್ತಾರೆ.

ಊರ ಸುತ್ತ ಖಣಿಗಳು. ಹೆಚ್ಚುಕಡಿಮೆ ಎಲ್ಲ ಮನೆಗಳ ಗಂಡಸರು ಕಲ್ಲಿನ ಕೆಲಸಕ್ಕೇ ಹೋಗುವವರು. ಮಧ್ಯಾಹ್ನ ಊಟದ ಹೊತ್ತಿಗೆ ದೂರದ ಖಣಿಯಲ್ಲಿ ಮದ್ದು ಸಿಡಿಸುತ್ತಿದ್ದರು. ಮೊದಲು ಸೀಟಿ, ಆಮೇಲೆ ಢಂ ಎಂದು ಒಂದು ಸಪ್ಪಳ, ಗೋಡೆಯ ಗೂಡಿನಲ್ಲಿಟ್ಟ ಪಾತ್ರೆಗಳೆಲ್ಲ ಒಮ್ಮೆ ಗಿರ್ ಎನ್ನುತ್ತಿದ್ದವು. ಸೀಟಿ ಕೇಳಿದ ಕೂಡಲೇ ತಾಯಂದಿರು ಇದ್ದಬದ್ದ ಕೆಲಸ ಬಿಟ್ಟು ಓಡಿಹೋಗಿ ಕೂಸಿನ ಎದೆಯ ಮೇಲೆ ಅಂಗೈ ಇಡುತ್ತಿದ್ದರು. ಕೂಸು ಬೆಚ್ಚಿದರೂ ಅಂಗೈ ಕೆಳಗೇ ಬೆಚ್ಚಬೇಕು, ಇಲ್ಲದಿದ್ದರೆ ಎದೆ ಒಡೆಯುತ್ತದೆ ಎಂದು ನಂಬಿಕೆ. ನನಗೆ ಆ ರೂಢಿ ಭಾಳ ಸೇರಿತ್ತು. ನಮ್ಮ ಪಾಠದಲ್ಲಿ ಅಂಥದ್ದೊಂದು ಇರಲಿಲ್ಲ.

ಗುರಮ್ಮನ ಮನೆಯಲ್ಲಿ ಮಾತ್ರ ಯಾರೂ ಓಡುತ್ತಿರಲಿಲ್ಲ. ಗುರಮ್ಮನ ಮಗ ಶಿವಶರಣ ಖಣಿಯಲ್ಲಿ ಫರಸಿ ಎಬ್ಬಿಸುವವನು, ಸೊಸೆ ಮಹಾದೇವಿ, ಮೊಮ್ಮಗಳು ಅಂಬಿಕಾ. ಅಂಬಿ ಎನ್ನುತ್ತಿದ್ದರು. ನಾನು ಮೊದಲ ಸಲ ಹೋದಾಗ ಅಂಬಿಗೆ ಆಗಷ್ಟೇ ಆಸರೆ ಕೊಟ್ಟು ಕೂಡಿಸುವ ವಯಸ್ಸು. ಸೀರೆಯ ಜೋಳಿಗೆಯಲ್ಲಿ ಮಲಗಿದ್ದಳು. ಸೀಟಿ ಊದಿತು, ಢಂ ಎಂದಿತು, ನಾನೇ ಕುಂತಲ್ಲಿಂದ ಎಗರಿದೆ. ಜೋಳಿಗೆ ಅಲುಗಲಿಲ್ಲ.

"ನೋಡಿದ್ರಿಲ್ಲೋ? ಕಣ್ಣ ಪಿಳಕಿಸಲ್ಲ," ಎಂದಳು ಗುರಮ್ಮ. ಅವಳ ಮುಖದ ಮೇಲೆ ಎಂಥ ಹಿಗ್ಗು! "ಗಟ್ಟಿ ಎದಿ ಕೂಸದ ಇದು. ಥೇಟ್ ಅವರ ಮುತ್ಯಾನ್ಹಂಗ. ಮುತ್ಯಾ ಮದ್ದಿನ ಬಾಯಾಗ ಕುಂತು ರೊಟ್ಟಿ ತಿಂತಿದ್ದ." ಓಣಿಯ ಹೆಂಗಸರು ತಮ್ಮ ಅಳುಬುರುಕ ಕೂಸುಗಳನ್ನು ತಂದು ಅಂಬಿಯ ಪಕ್ಕ ಒಂದು ಗಳಿಗೆ ಮಲಗಿಸಿ ಒಯ್ಯುತ್ತಿದ್ದರು, ಆ ಗಟ್ಟಿತನ ಇದಕ್ಕೂ ಬರಲಿ ಎಂದು.

ಮಹಾದೇವಿ ಸೇಡಂ ಕಡೆಯ ಮುಧೋಳದವಳು. ಅವಳ ಕನ್ನಡದಲ್ಲಿ ತೆಲುಗು ಬೆರೆತಿರುತ್ತಿತ್ತು, ಅದಕ್ಕೆ ಓಣಿಯಲ್ಲಿ ಆಡಿಕೊಳ್ಳುತ್ತಿದ್ದರು. "ಸೊಸಿಗಿ ಬಾಯಿ ಭಾಳ" ಎಂಬುದು ಗುರಮ್ಮನ ನಿತ್ಯದ ದೂರು. ಅಂಥವಳಿಗೆ ನಾನು ಹೋಗಿ ಕೂಸಿನ ಜೊತೆ ಮಾತಾಡು ಎಂದರೆ ಕೇಳಬೇಕೇ? ರೊಟ್ಟಿ ಬಡಿಯುತ್ತ, ಎದುರಿಗೆ ಅಂಬಿಯನ್ನು ದಿಂಬಿಗೆ ಒರಗಿಸಿ ಕೂಡಿಸಿಕೊಂಡು ಶುರು ಮಾಡುತ್ತಿದ್ದಳು: "ನೋಡವ್ವಾ ಅಂಬಿ, ಇದು ಹಿಟ್ಟು. ಇದು ಬಿಸಿ ನೀರು, ಕೈ ಹಚ್ಚಬ್ಯಾಡ, ಸುಡ್ತದ. ಇನ್ನ ನಿಮ್ಮ ಆಯಿ ಮುಂಜಾನೆ ನನಗೇನಂದ್ಲು ಕೇಳು. ಉಪ್ಪು ಹೆಚ್ಚಾಗ್ಯಾದ ಅಂದ್ಲು. ಆಗಿತ್ತೇನು? ನೀನೇ ಹೇಳು, ಆಗಿತ್ತೇನು?" ಅಂಬಿ ತಾಯಿಯ ಬಾಯಿಯನ್ನೇ ನೋಡಿ ಕೈಕಾಲು ಬಡಿದು ನಗುತ್ತಿದ್ದಳು. "ಇಲ್ಲಂತ ನೋಡ್ರಿ ಅಕ್ಕೋರೆ, ಆಕಿನೂ ಇಲ್ಲ ಅಂತಾಳ!"

ನಗುವುದೇ ನನ್ನ ಕೆಲಸವಾಗಿತ್ತು ಅವರ ಮನೆಯಲ್ಲಿ. ಒಮ್ಮೆ ಮಹಾದೇವಿ ಹಿಟ್ಟಿನ ಕೈಯಿಂದಲೇ ಹಣೆಯ ಕೂದಲು ಸರಿಸಿಕೊಂಡು, ದನಿ ತಗ್ಗಿಸಿ ಹೇಳಿದಳು: "ನೀವು ಮಾತಾಡು ಅಂದ್ರಿ, ನನಗ ಹಬ್ಬ ಆತು ನೋಡ್ರಿ. ಈ ಮನ್ಯಾಗ ನನ್ನ ಮಾತು ಪೂರಾ ಕೇಳಾಕಿ ಈಕಿ ಒಬ್ಬಾಕೇ."

ಮಳೆ ಜೋರು ಹಿಡಿದ ಒಂದು ದಿನ ನಾನು ಅಂಬಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕನ್ನಡಿ ತೋರಿಸುತ್ತಿದ್ದೆ. ಬೆಕ್ಕು ಗೂಡಿನಿಂದ ಹಾರಿತು ನೋಡಿ, ದೊಡ್ಡ ಹಿತ್ತಾಳೆ ಕೊಡ ನಮ್ಮ ಬೆನ್ನ ಹಿಂದೆಯೇ ಧಡಲ್ ಎಂದು ಬಿತ್ತು. ಗುರಮ್ಮ ಹೌಹಾರಿ ಎದ್ದಳು. ನನ್ನ ಕೈಯ ಕನ್ನಡಿ ಜಾರಿತು. ಅಂಬಿ ಮಾತ್ರ ನನ್ನ ಕಿವಿಯ ಓಲೆಯನ್ನು ಹಿಡಿಯುವ ಯತ್ನದಲ್ಲಿದ್ದಳು. ಅವಳ ಮೈ ನನ್ನ ತೊಡೆಯ ಮೇಲಿತ್ತು. ಒಂದಿಷ್ಟೂ, ಒಂದು ಎಳೆಯಷ್ಟೂ ಅದು ಬೆಚ್ಚಲಿಲ್ಲ. ಗಟ್ಟಿ ಎದೆಯವರೂ ಬೆಚ್ಚುತ್ತಾರೆ, ಆಮೇಲೆ ಸುಧಾರಿಸಿಕೊಳ್ಳುತ್ತಾರೆ. ತಗಡಿನ ಮೇಲೆ ಮಳೆ ಬಡಿಯುತ್ತಿದ್ದ ಆ ಗದ್ದಲದಲ್ಲಿ ಏನನ್ನೂ ಪರೀಕ್ಷಿಸುವಂತಿರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ಬಂದೆ.

ಮಳೆ ಬಿಟ್ಟು ಹೊರಪಾದ ದಿನ ನೋಡಿ ಮತ್ತೆ ಹೋದೆ. ಗುರಮ್ಮ ಹೊಲಕ್ಕೆ ಹೋಗಿದ್ದಳು. ಅಂಬಿಯ ಹಿಂದೆ ಕೂತು, ಕಣ್ಣಿಗೆ ಬೀಳದಂತೆ, ಎಡಗಿವಿಯ ಬಳಿ ಬಾಟಲಿ ಅಲ್ಲಾಡಿಸಿದೆ. ಬಲಗಿವಿಯ ಬಳಿ ಅಲ್ಲಾಡಿಸಿದೆ. ಅವಳು ತನ್ನ ಕಾಲ್ಬೆರಳನ್ನು ಬಾಯಿಗೆ ಒಯ್ಯುವುದರಲ್ಲಿ ಮುಳುಗಿದ್ದಳು.

"ಮಹಾದೇವಿ, ಈಕಿಗಿ ಕಿವಿ ಕೇಳ್ತದಿಲ್ಲೋ?" ಎಂದೆ. ಇದನ್ನು ಮೆತ್ತಗೆ ಹೇಳುವ ದಾರಿ ಯಾವುದಾದರೂ ಇದ್ದರೂ ನನಗೆ ಗೊತ್ತಿರಲಿಲ್ಲ.

ಅವಳ ಮುಖ ಕೆಂಪಾಯಿತು. "ಏನ್ ಮಾತಂತ ಆಡ್ತೀರಿ ಅಕ್ಕೋರೆ! ಕೇಳಲ್ದೇನು? ನಾ ಕರದ್ರ ಪಟ್ಟಂತ ಹೊಳ್ತಾಳ. ತೋರಸ್ಲೇನು?" ಎಂದವಳೇ ಅಂಬಿಯ ಬೆನ್ನ ಹಿಂದೆ ಹೋಗಿ, ಹಿಮ್ಮಡದಿಂದ ನೆಲಕ್ಕೆ ಒಂದು ಏಟು ಹಾಕಿ ಕರೆದಳು: "ಅಂಬೀ!" ಅಂಬಿ ಹೊಳ್ಳಿ ಹಿಂದೆ ನೋಡಿ ನಕ್ಕಳು. "ನೋಡಿದ್ರಿ? ಸ್ವಲ್ಪ ಹಟಮಾರಿ ಅದಾಳ. ಬರೇ ಕರದ್ರ ನೋಡಲ್ಲ, ಹಿಂಗ ಒಂದ್ ಕಾಲ ಬಡದು ಕರೀಬೇಕು. ಹುಟ್ಟಾ ಹಂಗೇ ಅದಾಳ."

ನಾನು ನೆಲ ನೋಡಿದೆ. ಶಿವಶರಣ ಖಣಿಯಲ್ಲಿ ಒಡೆದ, ಯಾರೂ ಕೊಳ್ಳದ ಫರಸಿ ತುಂಡುಗಳನ್ನು ತಂದು ಬರೀ ಗರಸಿನ ಮೇಲೆ ಹಾಸಿದ್ದ. ಗಚ್ಚಿಲ್ಲ, ಸಿಮೆಂಟಿಲ್ಲ. ಒಂದು ತುದಿ ತುಳಿದರೆ ಇನ್ನೊಂದು ತುದಿ ಅಲುಗುತ್ತಿತ್ತು. ಆ ಓಣಿಯ ಎಲ್ಲ ಮನೆಗಳ ನೆಲವೂ ಹಾಗೆಯೇ.

"ಕೂಸಿನ್ನ ಹೊರಸಿನ ಮ್ಯಾಲ ಕುಂದ್ರಸು," ಎಂದೆ.

"ಯಾಕ್ರಿ?"

"ಕುಂದ್ರಸು ಮೊದಲ."

ಹಗ್ಗದ ಹೊರಸಿನ ನಡುವೆ ಅಂಬಿಯನ್ನು ಕೂಡಿಸಿದಳು. ನಾನು ಮುಂದೆ ಕೂತು ಕೆಂಪು ಚೆಂಡು ಹಿಡಿದೆ. ಮಹಾದೇವಿ ಹಿಂದಿನಿಂದ ಕಾಲು ಬಡಿದು ಕರೆದಳು. ಅಂಬಿ ಚೆಂಡು ನೋಡುತ್ತಿದ್ದಳು. ಮತ್ತೆ ಬಡಿದಳು, ಮತ್ತೆ ಕರೆದಳು. ಮೂರನೆಯ ಸಲ ಕರೆದದ್ದು ಕೂಗಾಗಿತ್ತು. ಪಕ್ಕದ ಮನೆಯವಳು ಏನಾಯಿತೆಂದು ಇಣುಕಿ ನೋಡಿ ಹೋದಳು. ಅಂಬಿ ಚೆಂಡಿಗೆ ಕೈ ಚಾಚಿ ನನ್ನನ್ನು ನೋಡಿ ನಗುತ್ತಿದ್ದಳು, ಹೊಸದಾಗಿ ಬಂದ ಎರಡು ಹಲ್ಲು ತೋರಿಸಿ.

ಮಹಾದೇವಿ ಸುತ್ತು ಹಾಕಿ ಮುಂದೆ ಬಂದು ಕೂಸನ್ನು ಎತ್ತಿಕೊಂಡಳು. "ನಿದ್ದಿ ಬಂದದರಿ ಆಕಿಗಿ," ಎಂದಳು.

ಕಲಬುರಗಿಯ ಆಸ್ಪತ್ರೆಗೆ ಅವರನ್ನು ಹೊರಡಿಸುವುದರಲ್ಲಿ ನನಗೆ ಸಾಕುಸಾಕಾಯಿತು. ಗುರಮ್ಮ ನನ್ನ ವಂಶವನ್ನೆಲ್ಲ ಜಾಲಾಡಿದಳು. "ಲಗ್ನಿಲ್ದಾಕಿ, ಇಕಿಗೇನು ತಿಳೀತದ ಕೂಸಿನ ಸುದ್ದಿ," ಎಂದು ಓಣಿಗೆಲ್ಲ ಕೇಳುವಂತೆ ಬೈದಳು. ಕಡೆಗೆ ಶಿವಶರಣನೇ, "ಒಂದು ಸಲ ತೋರಿಸ್ಕೊಂಡು ಬರೂಣ ತಗೋ ಯವ್ವಾ, ಈ ಅಕ್ಕೋರ ಬಾಯಿನರ ಮುಚ್ತದ," ಎಂದ. ನಾನೂ ಜೊತೆಗೆ ಹೋದೆ. ಅಂಬಿಯನ್ನು ಮಲಗಿಸಿ ತಲೆಗೆ ವೈರು ಹಚ್ಚಿ ನೋಡಿದರು. ಎರಡೂ ಕಿವಿ ಹೋಗಿವೆ ಎಂದರು. ಪೂರಾ ಅಲ್ಲ, ಒಂದು ಚೂರು ಉಳಿದಿದೆ, ತಡ ಮಾಡದೆ ಕಿವಿಗೆ ಮಶೀನು ಹಾಕಿ, ವಾರವಾರ ತಂದು ತರಬೇತಿ ಕೊಡಿಸಿದರೆ ಮಾತು ಬರಬಹುದು, ಆಗಲಿಲ್ಲವೆಂದರೆ ಆಪರೇಶನ್ನು ಇದೆ, ಯಾವುದಕ್ಕೂ ಈ ವಯಸ್ಸು ದಾಟಬಾರದು ಎಂದು ಡಾಕ್ಟರಮ್ಮ ತಿಳಿಸಿ ಹೇಳಿದರು. ಇಡೀ ಹೊತ್ತು ಮಹಾದೇವಿ ಅವರ ಬಾಯಿಯನ್ನೇ ನೋಡುತ್ತಿದ್ದಳು.

ವಾಡಿ ಕಡೆಯ ಪ್ಯಾಸೆಂಜರ್ ಗಾಡಿಯಲ್ಲಿ ವಾಪಸು ಹೊರಟೆವು. ಅಂಬಿ ಎದುರಿನ ಸೀಟಿನವರಿಗೆಲ್ಲ ಸೆರಗಿನ ಮರೆಯ ಆಟ ಆಡಿ ತೋರಿಸುತ್ತಿದ್ದಳು, ನಾನು ಕಲಿಸಿದ ಆಟ. ಶಹಾಬಾದ ದಾಟಿದ ಮೇಲೆ ಮಹಾದೇವಿ ನನ್ನ ಕಡೆ ತಿರುಗಿದಳು.

"ನಾ ಹೇಳಿದ್ದು ಏನೂ ಕೇಳಿಲ್ಲೇನ್ರಿ ಈಕಿ? ಒಂದೂ?"

"ನಿನ್ನ ಮುಖ ನೋಡ್ಯಾಳ, ಮಹಾದೇವಿ. ನಿನ್ನ ನಗಿ ನೋಡ್ಯಾಳ. ಅದೇನು ಕಮ್ಮಿ ಅಲ್ಲ."

"ಮುಧೋಳದ ಸುದ್ದಿ ಎಲ್ಲಾ ಹೇಳಿದ್ನೆಲ್ರಿ ನಾ," ಎಂದಳು. "ನಮ್ಮವ್ವ ಸತ್ತದ್ದೂ ಹೇಳಿದ್ದೆ. ಯಾರಿಗೂ ಹೇಳಿದ್ದಿಲ್ಲ." ಆಮೇಲೆ ಕಿಟಕಿಯ ಕಡೆ ಮುಖ ಮಾಡಿ ವಾಡಿ ಬರುವ ತನಕ ಹಾಗೇ ಕೂತಳು.

ಮಶೀನು ಕೈಗೆ ಬರುವ ಹೊತ್ತಿಗೆ ದಸರೆ ಹತ್ತಿರ ಬಂದಿತ್ತು. ಮಳೆ ಇನ್ನೂ ಪೂರಾ ಬಿಟ್ಟಿರಲಿಲ್ಲ. ನಾನೇ ಮುಂದೆ ಕೂತು ಅಂಬಿಯ ಕಿವಿಗೆ ಹಾಕಿಸಿದೆ. ಬಟ್ಟಲಿಗೆ ಚಮಚದಿಂದ ಬಡಿದೆ. ಅಂಬಿ ಬಟ್ಟಲು ನೋಡಲಿಲ್ಲ, ಉಸಿರು ಹಿಡಿದು ಸುಮ್ಮನಾದಳು. ಇನ್ನೊಮ್ಮೆ ಬಡಿದೆ. ಹುಬ್ಬು ಮೇಲೇರಿತು! ಮಹಾದೇವಿ ನನ್ನ ಮೊಣಕೈ ಹಿಡಿದಿದ್ದಳು, ಅವಳ ಉಗುರು ನಟ್ಟದ್ದು ಆಮೇಲೆ ಗೊತ್ತಾಯಿತು. "ಅಂಬೀ," ಎಂದಳು, ಕಾಲು ಬಡಿಯದೆ. ಕೂಸು ಅತ್ತ ಇತ್ತ ಹುಡುಕಿತು. ಎಲ್ಲಿಂದ ಬಂತೆಂದು ತಿಳಿಯಲಿಲ್ಲ, ಆದರೆ ಏನೋ ಬಂತೆಂದು ತಿಳಿಯಿತು. ನಾವಿಬ್ಬರೂ ಹುಚ್ಚರಂತೆ ನಕ್ಕೆವು, ಅತ್ತೆವು. ಸೀಟಿ ಊದಿದ್ದು ನಮ್ಮಿಬ್ಬರಿಗೂ ಲಕ್ಷ್ಯಕ್ಕೇ ಬರಲಿಲ್ಲ.

ಮದ್ದು ಸಿಡಿಯಿತು. ಅಂಬಿಯ ಇಡೀ ಮೈ ಎಗರಿಬಿದ್ದಿತು. ಕೈ ಎರಡೂ ಮೇಲಕ್ಕೆ ಹೋದವು, ಮುಖ ನೀಲಿಗಟ್ಟಿತು, ಒಂದು ಗಳಿಗೆ ದನಿಯೇ ಇಲ್ಲ, ಆಮೇಲೆ ಚಿಟ್ಟನೆ ಚೀರಿದಳು. ಮಹಾದೇವಿ ಎದೆಯ ಮೇಲೆ ಅಂಗೈ ಇಡಲು ಹೋದಳು, ಆ ಕೈಗೆ ಅಭ್ಯಾಸವಿರಲಿಲ್ಲ, ತಡವರಿಸಿತು. ಒಳಗಿನಿಂದ ಗುರಮ್ಮ ಓಡಿ ಬಂದಳು. ನಡುಗುತ್ತಿದ್ದ ಕೂಸನ್ನು ಕಸಿದುಕೊಂಡು ಎದೆಗೆ ಅವುಚಿ, ಕಿವಿಯ ಮಶೀನು ಕಿತ್ತು ಎತ್ತರದ ಗೂಡಿಗೆ ಒಗೆದಳು. "ಕೂಸಿನ ಎದಿ ಒಡದ್ರೆಲ್ಲೇ ನೀವು! ಹುಲಿ ಇದ್ದಂಗಿತ್ತು ನನ್ನ ಕೂಸು. ಹುಲಿ ಇದ್ದಂಗಿತ್ತು!" ಎಂದು ಅಳುತ್ತಿದ್ದಳು. ಖರೇ ಹೇಳುತ್ತೇನೆ, ಅದು ನಾಟಕವಲ್ಲ. ಆ ಮುದುಕಿಗೆ ಮೊಮ್ಮಗಳೆಂದರೆ ಜೀವ.

ಅದಾದ ಮೇಲೆ ಮಶೀನು ಕೆಳಗಿಳಿಯಲಿಲ್ಲ. ನಾನು ಬೇಡಿದೆ, ಜಗಳಾಡಿದೆ, ಡಾಕ್ಟರಮ್ಮನಿಂದ ಫೋನು ಮಾಡಿಸಿದೆ. ಸಪ್ಪಳ ಹೊಸದಾದ್ದರಿಂದ ಹೆದರುತ್ತಾಳೆ, ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ, ಮದ್ದಿನ ಹೊತ್ತಿಗೆ ತೆಗೆದಿಟ್ಟು ಆಮೇಲೆ ಹಾಕಿರಿ ಎಂದು ಶಿವಶರಣನಿಗೆ ಕೈಮುಗಿದು ಹೇಳಿದೆ. ಅವನು ತಲೆ ತಗ್ಗಿಸಿಕೊಂಡು, "ಆಕಿ ನಡಗಾದು ನೋಡಾಕಾಗಲ್ರಿ ಅಕ್ಕೋರೆ. ಮಾತು ಬರಲ್ದಿದ್ರ ಬ್ಯಾಡ, ಹೆದರಿ ಸಾಯೋದು ಬ್ಯಾಡ," ಎಂದ. ಅತ್ತೆ ಇಲ್ಲದಾಗ ಮಹಾದೇವಿ ಕದ್ದು ಇಳಿಸಿ ಹಾಕುತ್ತಿದ್ದಳಂತೆ. ಗೂಡಿನ ತೇವಕ್ಕೋ ಕಲ್ಲಿನ ಧೂಳಿಗೋ ದೀಪಾವಳಿಯ ಹೊತ್ತಿಗೆ ಅದು ಬರೀ ಕುಂಯ್ ಎನ್ನತೊಡಗಿತು, ಆಮೇಲೆ ಅದೂ ನಿಂತಿತು. ತರಬೇತಿಗೆ ಎರಡು ಸಲ ಹೋದವರು ಮತ್ತೆ ಹೋಗಲಿಲ್ಲ. ಗುರಮ್ಮ ನನಗೆ ಹೊಸ್ತಿಲು ತುಳಿಯಬೇಡ ಎಂದಳು. ಅಷ್ಟರಲ್ಲಿ ಸಂಸ್ಥೆಯವರೂ ರಾವೂರಿನ ಕೆಲಸ ಮುಗಿಸಿ ನನ್ನನ್ನು ಚಿಂಚೋಳಿಗೆ ಕಳಿಸಿದರು. ಎಂಥ ಸಿಟ್ಟು ನನಗೆ! ಯಾರ ಮೇಲೆ ಎಂದು ತಿಳಿಯದ ಸಿಟ್ಟು. ತಪ್ಪು ಮಾಡಿದವರು ಯಾರೆಂದು ಹುಡುಕಿದರೆ ಎಲ್ಲರೂ ಆ ಕೂಸನ್ನು ಪ್ರೀತಿಸಿದವರೇ ಸಿಗುತ್ತಿದ್ದರು.

ಹೊರಡುವ ಮುನ್ನ ಗುರಮ್ಮ ಇಲ್ಲದ ಹೊತ್ತು ನೋಡಿ ಹೋದೆ. ಮಹಾದೇವಿ ರೊಟ್ಟಿ ಬಡಿಯುತ್ತಿದ್ದಳು. ಅಂಬಿ ಎಂದಿನ ಜಾಗದಲ್ಲೇ ಕೂತಿದ್ದಳು. ಮನೆಯಲ್ಲಿ ರೊಟ್ಟಿಯ ಸಪ್ಪಳವೊಂದೇ. ನನಗೆ ಅದೇ ವಿಚಿತ್ರವೆನಿಸಿತು, ಆ ಮನೆಯಲ್ಲಿ ಅಷ್ಟು ನಿಶ್ಶಬ್ದ ನಾನು ಕೇಳಿರಲಿಲ್ಲ.

"ಯಾಕ ಸುಮ್ನಿದ್ದಿ? ಮಾತಾಡು ಆಕಿ ಜೋಡಿ."

"ಯಾರಿಗ್ರಿ ಮಾತಾಡ್ಲಿ?" ಎಂದಳು, ತಲೆ ಎತ್ತದೆ. "ಗ್ವಾಡಿ ಮುಂದ ಮಾತಾಡ್ದಂಗ ಆಗ್ತದ."

ಕಿವಿ ಇಲ್ಲದಿದ್ದರೆ ಕಣ್ಣಿದೆ, ನಿನ್ನ ಬಾಯಿ ನೋಡಿಯೇ ಆಕೆ ಕಲಿಯಬೇಕು, ಕೈಸನ್ನೆ ಮಾಡು, ಆಟ ನಿಲ್ಲಿಸಬೇಡ, ಈಗ ನಿಲ್ಲಿಸಿದರೆ ಇದ್ದದ್ದೂ ಹೋಗುತ್ತದೆ ಎಂದು ಅಂಗಲಾಚಿದೆ. "ಆಯ್ತ್ರಿ," ಎಂದಳು. ಅಂಬಿ ತೆವಳಿಕೊಂಡು ಬಂದು ತಾಯಿಯ ಗದ್ದ ಹಿಡಿದು ತನ್ನ ಕಡೆ ಎಳೆದಳು. ಮಹಾದೇವಿ ಆ ಕೈಯನ್ನು ಮೆಲ್ಲಗೆ ಬಿಡಿಸಿ ಕೆಳಗಿಟ್ಟು, ಇನ್ನೊಂದು ಉಂಡೆ ತೆಗೆದುಕೊಂಡಳು.

ಸತ್ಯ ತಿಳಿಯದಿದ್ದಾಗ ಆ ಕೂಸಿಗೆ ತಾಯಿಯ ಮುಖವಾದರೂ ಇತ್ತು. ತಿಳಿಸಿದ್ದು ಸರಿಯೇ, ಇವತ್ತು ಕೇಳಿದರೂ ತಿಳಿಸುತ್ತೇನೆ. ಆದರೆ ಆ ತಿಳಿವಳಿಕೆಯಿಂದ ಅಂಬಿಗೆ ಸಿಕ್ಕದ್ದೇನು? ಚಿಂಚೋಳಿಯ ತಾಂಡಾಗಳಲ್ಲಿ ತಾಯಂದಿರಿಗೆ "ಮಾತಾಡಿರಿ" ಎಂದು ಹೇಳುವಾಗಲೆಲ್ಲ ನನ್ನ ನಾಲಿಗೆ ತೊದಲುತ್ತಿತ್ತು.

ಕೆಲವು ವರ್ಷಗಳ ಮೇಲೆ ಯಾವುದೋ ಲಗ್ನಕ್ಕೆಂದು ವಾಡಿಗೆ ಹೋದವಳು ಮನಸ್ಸು ತಡೆಯದೆ ರಾವೂರಿಗೆ ಹೋದೆ. ಬಾಗಿಲಲ್ಲಿ ಕೂತಿದ್ದ ಗುರಮ್ಮನಿಗೆ ಕಣ್ಣು ಮಂಜಾಗಿತ್ತು, ದನಿಯಿಂದಲೇ ಗುರುತು ಹಿಡಿದಳು. "ಬಾರವ್ವಾ, ಕುಂದ್ರು," ಎಂದಳು, ಏನೂ ಆಗೇ ಇಲ್ಲ ಎನ್ನುವ ಹಾಗೆ. ಮಹಾದೇವಿಯ ತೊಡೆಯ ಮೇಲೆ ಇನ್ನೊಂದು ಹೆಣ್ಣು ಕೂಸು. ನನ್ನನ್ನು ನೋಡಿದ್ದೇ ಅವಳ ಮುಖ ಅರಳಿತು.

"ಇದಕ್ಕ ಕಿವಿ ಛಲೋ ಅವರಿ ಅಕ್ಕೋರೆ. ಹುಟ್ಟಿದ ವಾರದಾಗೇ ತೋರಿಸ್ಕೊಂಡು ಬಂದೀವಿ. ನೀವು ಕಲಸಿದ್ದು ಒಂದೂ ಮರ್ತಿಲ್ಲ, ನೋಡ್ರಿ."

ಕೂಸನ್ನು ಚಾಪೆಯ ಮೇಲೆ ಬೋರಲು ಹಾಕಿ ಚೆಂಡು ಉರುಳಿಸಿದಳು. ಸೆರಗಿನ ಮರೆಯಿಂದ ಮುಖ ತೆಗೆದು ನಗಿಸಿದಳು. ಹಿಟ್ಟು, ನೀರು, ಆಯಿಯ ಬೈಗುಳ, ಮುಧೋಳದ ಸುದ್ದಿ, ಎಲ್ಲ ಮಾತು ವಾಪಸು ಬಂದಿತ್ತು. ಒಂದೂ ತಪ್ಪಿಲ್ಲ. ನಾನು ಕಲಿಸಿದ ಯಾವ ತಾಯಿಯೂ ಇಷ್ಟು ಚೆಂದ ಆಡಿಸಿದ್ದನ್ನು ನಾನು ನೋಡಿಲ್ಲ. ಗೋಡೆಗೆ ಒರಗಿ ಕೂತಿದ್ದ ಅಂಬಿ ತಾಯಿಯ ಬಾಯಿಯಿಂದ ಕಣ್ಣು ಕೀಳದೆ ನೋಡುತ್ತಿದ್ದಳು. ಎತ್ತರವಾಗಿದ್ದಳು, ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದರು, ಮೈಮೇಲೆ ಒಳ್ಳೆಯ ಫ್ರಾಕು. ಕಲಬುರಗಿಯಲ್ಲಿ ಇಂಥ ಮಕ್ಕಳ ಶಾಲೆ ಇದೆ, ಈಗಲಾದರೂ ಸೇರಿಸು ಎಂದೆ. "ನೋಡೂಣ್ರಿ," ಎಂದು ಮಹಾದೇವಿ ಚಹಾ ಇಡಲು ಎದ್ದು ಒಲೆಯ ಕಡೆ ಹೋದಳು.

ತಾಯಿ ಎದ್ದ ಜಾಗಕ್ಕೆ ಅಂಬಿ ಬಂದು ಕೂತಳು. ತಂಗಿಯ ಮುಖದ ಹತ್ತಿರ ಮುಖ ಒಯ್ದು ಬಾಯಿ ತೆರೆದಳು, ಮುಚ್ಚಿದಳು, ಹುಬ್ಬು ಹಾರಿಸಿದಳು, ತುಟಿ ಮುಂದೆ ಮಾಡಿದಳು. ತಾಯಿ ಹೇಗೆ ಹೇಳಿದ್ದಳೋ ಅದೇ ಕ್ರಮ, ಅದೇ ನಗು. ದನಿಯೊಂದಿಲ್ಲ. ಕೂಸು ಒಂದು ಗಳಿಗೆ ಅವಳನ್ನು ನೋಡಿತು. ಒಲೆಯ ಬಳಿಯಿಂದ ಮಹಾದೇವಿ ಏನೋ ಹೇಳಿ ಕರೆದಳು. ಕೂಸು ಆ ಕಡೆ ಹೊಳ್ಳಿ ಕೇಕೆ ಹಾಕಿತು. ಅಂಬಿ ಅದರ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಮತ್ತೆ ಮೊದಲಿನಿಂದ ಹೇಳತೊಡಗಿದಳು.